ಚೆನ್ನಾಗಿದ್ದ ದಿನಗಳ ಕಥೆಯನ್ನೂ ವೈದ್ಯರಿಗೆ ಹೇಳಿ

(ಶಿರಸಿ ಕಡೆಯ ಓದುಗರೊಬ್ಬರು, ಹೆಸರು ಪ್ರಕಟಿಸಬಾರದೆಂದು ಕೋರಿ, ಇಪ್ಪತ್ತಾರು ವರ್ಷದ ತಮ್ಮನ ಬಗ್ಗೆ ಬರೆದಿದ್ದಾರೆ. ಎರಡು ವರ್ಷದ ಹಿಂದಿನ ಬೇಸಿಗೆಯಲ್ಲಿ ಸುಮಾರು ಮೂರು ವಾರ ಅವರು ರಾತ್ರಿ ಎರಡು-ಮೂರು ತಾಸು ಮಾತ್ರ ಮಲಗುತ್ತಿದ್ದರು. ಅಡಿಕೆ ಹಾಳೆಯ ತಟ್ಟೆಗಳನ್ನು ಹೊರದೇಶಕ್ಕೆ ಕಳಿಸುತ್ತೇನೆಂದು ಸೊಸೈಟಿಯಲ್ಲಿ ಸಾಲ ಎತ್ತಿ ಎರಡು ಯಂತ್ರ ತಂದರು, ಅಡ್ಡ ಬಂದ ತಂದೆಯ ಮೇಲೆ ಕೈಯೆತ್ತಿದರು. ಆ ಮಳೆಗಾಲವಿಡೀ ಕೋಣೆ ಬಿಟ್ಟು ಹೊರಗೆ ಬರಲಿಲ್ಲ. ಈ ವರ್ಷ ಮತ್ತೆ ಮಂಕಾದಾಗ ಹತ್ತಿರದ ವೈದ್ಯರು ಖಿನ್ನತೆಗೆ ಮಾತ್ರೆ ಬರೆದುಕೊಟ್ಟಿದ್ದಾರೆ. ಕೆಲವು ದಿನಗಳಿಂದ ಮತ್ತೆ ನಿದ್ದೆ ಕಡಿಮೆಯಾಗಿ ಮಾತು ಹೆಚ್ಚಾಗಿದೆ. ತಾಯಿ ಜೋಯಿಸರನ್ನು ಕೇಳಿ ಶಾಂತಿ ಮಾಡಿಸಿದ್ದಾರೆ. ಇದು ಕಾಯಿಲೆಯೋ ಸೊಕ್ಕೋ, ಎಲ್ಲಿ ತೋರಿಸಬೇಕು, ಆಸ್ಪತ್ರೆಗೆ ಬರಲೊಪ್ಪದಿದ್ದರೆ ಹುಳಿಯಲ್ಲಿ ಮಾತ್ರೆ ಬೆರೆಸಬಹುದೇ, ಮದುವೆ ಮಾಡಿದರೆ ಸರಿಹೋದೀತೇ ಎಂಬುದು ಅವರ ಪ್ರಶ್ನೆ.)

ಮಾನ್ಯ ಸಹೋದರಿಯವರಿಗೆ ವಂದನೆಗಳು.

ನಿಮ್ಮ ಮೊದಲ ಪ್ರಶ್ನೆಗೆ ಅರ್ಧ ಉತ್ತರವನ್ನು ನಿಮ್ಮ ಪತ್ರವೇ ಕೊಟ್ಟಿದೆ. ಸೊಕ್ಕಿನ ಮನುಷ್ಯ ವರ್ಷವಿಡೀ ಸೊಕ್ಕಿನಲ್ಲೇ ಇರುತ್ತಾನೆ. ಬೇಸಿಗೆಯಲ್ಲಿ ಮೂರು ವಾರ ಊರೆಲ್ಲ ಓಡಾಡಿ, ಮಳೆಗಾಲದಲ್ಲಿ ಹಲ್ಲುಜ್ಜುವುದಕ್ಕೂ ಏಳದೆ ಮಲಗುವುದಿಲ್ಲ. ನೀವು ವಿವರಿಸಿರುವುದು ವೈದ್ಯರು ಬೈಪೋಲಾರ್ ಕಾಯಿಲೆ ಎನ್ನುವ, ಅಂದರೆ ಮನಸ್ಸು ಕೆಲವು ಕಾಲ ಅತಿಯಾಗಿ ಏರಿ ಇನ್ನು ಕೆಲವು ಕಾಲ ಕುಗ್ಗಿಹೋಗುವ, ಸ್ಥಿತಿಗೆ ಬಹಳ ಹತ್ತಿರವಾಗಿದೆ. ನಾನು ವೈದ್ಯನಲ್ಲ, ಪತ್ರ ಓದಿ ರೋಗ ನಿರ್ಣಯಿಸುವುದು ವೈದ್ಯರಿಗೂ ಸಲ್ಲದು. ಆದರೆ ಮನೋವೈದ್ಯರೊಬ್ಬರು ತಡಮಾಡದೆ ನೋಡಬೇಕಾದ ಪ್ರಕರಣ ಇದು ಎಂಬುದರಲ್ಲಿ ನನಗೆ ಅನುಮಾನವಿಲ್ಲ.

ಪತ್ರದ ಒಂದು ವಿವರದ ಮೇಲೆ ನನ್ನ ಕಣ್ಣು ನಿಂತಿತು. ಬೆಳಗಿನ ಜಾವ ಮೂರಕ್ಕೆ ಎದ್ದು ಕೊಟ್ಟಿಗೆಯ ದೀಪ ಹಾಕಿಕೊಂಡು ಯಂತ್ರವನ್ನು ಬಿಚ್ಚಿ ಜೋಡಿಸುತ್ತಿದ್ದರು, ಹಗಲು ಒಮ್ಮೆಯೂ ತೂಕಡಿಸಲಿಲ್ಲ ಎಂದು ಬರೆದಿದ್ದೀರಿ. ಸಾಲಗಾರನಿಗೂ ನಿದ್ದೆ ಬರುವುದಿಲ್ಲ, ಪರೀಕ್ಷೆಯ ಹಿಂದಿನ ದಿನ ಯಾರಿಗೂ ಬರುವುದಿಲ್ಲ. ಆದರೆ ಅವರು ಮರುದಿನ ಸೋತಿರುತ್ತಾರೆ. ನಿದ್ದೆ ಬಾರದಿರುವುದು ಬೇರೆ, ನಿದ್ದೆಯೇ ಬೇಡವಾಗುವುದು ಬೇರೆ. ಎರಡು ತಾಸು ಮಲಗಿ ಎದ್ದವನು ದಿನಗಟ್ಟಲೆ ಹುರುಪಿನಿಂದಲೇ ಇದ್ದರೆ ಅದು ಉನ್ಮಾದದ, ಅಂದರೆ ಮೇನಿಯಾದ, ಬಹು ಮುಖ್ಯ ಲಕ್ಷಣ. ಅದರ ಜೊತೆಗೆ ಎದುರಿನವರಿಗೆ ಬಾಯಿ ತೆರೆಯಲು ಬಿಡದಂಥ ಮಾತು, ಒಂದು ಮುಗಿಯುವ ಮೊದಲೇ ಇನ್ನೊಂದಕ್ಕೆ ಹಾರುವ ಆಲೋಚನೆ, ತನ್ನಿಂದ ಆಗದ್ದಿಲ್ಲವೆಂಬ ನಂಬಿಕೆ, ಕೈಗೆ ಸಿಕ್ಕಿದಂತೆ ಖರ್ಚು, ಅತಿ ವೇಗದ ಬೈಕ್ ಸವಾರಿ, ಎಂದೂ ಇಲ್ಲದ ಸಲಿಗೆ ಅಥವಾ ಸಿಟ್ಟು ಸೇರಿಕೊಳ್ಳುತ್ತವೆ. ಉನ್ಮಾದವೆಂದರೆ ಸದಾ ನಗುನಗುತ್ತ ಇರುವುದೆಂದು ಭಾವಿಸಬೇಡಿ. ಎಷ್ಟೋ ಮಂದಿಯಲ್ಲಿ ಅದು ಬರೀ ಕೆರಳುವಿಕೆಯಾಗಿ ಕಾಣಿಸುತ್ತದೆ, ತಡೆಯಲು ಹೋದವರು ಶತ್ರುಗಳಂತೆ ತೋರುತ್ತಾರೆ. ಇಂಥ ಸ್ಥಿತಿ ಒಂದು ವಾರ ಅಥವಾ ಅದಕ್ಕೂ ಹೆಚ್ಚು ಕಾಲ, ದಿನದ ಬಹುಪಾಲು ಇದ್ದರೆ ವೈದ್ಯರು ಅದನ್ನು ಮೇನಿಯಾ ಎಂದು ಪರಿಗಣಿಸುತ್ತಾರೆ. ನಾಲ್ಕು ದಿನವಾದರೂ ಇದ್ದು, ಸಂಸಾರ ಕೆಲಸಗಳನ್ನು ಕೆಡಿಸುವಷ್ಟು ತೀವ್ರವಾಗದಿದ್ದರೆ ಅದು ಹೈಪೋಮೇನಿಯಾ; ಮನೆಯವರು ಅದನ್ನು ಕಾಯಿಲೆಯೆಂದು ಗುರುತಿಸುವುದು ಅಪರೂಪ, ‘ಹುಡುಗ ಅಂತೂ ಚುರುಕಾದ’ ಎಂದು ಸಂತೋಷಪಡುವುದೇ ಹೆಚ್ಚು.

ತೊಡಕಿರುವುದು ಅಲ್ಲಿಯೇ. ಈ ಕಾಯಿಲೆ ಇರುವವರು ವೈದ್ಯರ ಬಳಿಗೆ ಹೋಗುವುದು ಸಾಮಾನ್ಯವಾಗಿ ಕುಗ್ಗಿದಾಗ. ಎರಡು ವಾರಕ್ಕೂ ಮೀರಿದ ಬೇಸರ, ಯಾವುದರಲ್ಲಿಯೂ ಇಲ್ಲದ ಆಸಕ್ತಿ, ಎಷ್ಟು ಮಲಗಿದರೂ ಹೋಗದ ದಣಿವು, ತಾನು ಯಾರಿಗೂ ಬೇಡದವನೆಂಬ ಭಾವ ಇವೆಲ್ಲ ಸಾಮಾನ್ಯ ಖಿನ್ನತೆಯಲ್ಲೂ ಹೀಗೆಯೇ ಇರುತ್ತವೆ. ಎದುರಿಗೆ ತಲೆ ತಗ್ಗಿಸಿ ಕುಳಿತ ಹುಡುಗನನ್ನು ನೋಡಿ ವೈದ್ಯರು ಖಿನ್ನತೆಗೆ ಮಾತ್ರೆ ಬರೆದರೆ ಅದನ್ನು ಅವರ ತಪ್ಪೆಂದು ಹೇಳಲಾಗದು, ಏಕೆಂದರೆ ಎರಡು ವರ್ಷದ ಹಿಂದಿನ ಬೇಸಿಗೆಯ ಕಥೆಯನ್ನು ಅವರಿಗೆ ಯಾರೂ ಹೇಳಿರಲಿಲ್ಲ. ರೋಗಿ ಹೇಳುವುದಿಲ್ಲ, ಅವರ ಪಾಲಿಗೆ ಅವು ಬಾಳಿನ ಒಳ್ಳೆಯ ದಿನಗಳು. ಮನೆಯವರು ಹೇಳುವುದಿಲ್ಲ, ಸಾಲದ ವಿಷಯ, ತಂದೆಯ ಮೇಲೆ ಕೈಯೆತ್ತಿದ ವಿಷಯ ಹೊರಗೆ ಆಡುವಂಥದ್ದಲ್ಲ. ಆದರೆ ಮನಸ್ಸನ್ನು ಸಮಸ್ಥಿತಿಯಲ್ಲಿಡುವ ಔಷಧಿಯಿಲ್ಲದೆ ಖಿನ್ನತೆಯ ಮಾತ್ರೆಯೊಂದನ್ನೇ ಕೊಟ್ಟಾಗ, ಬೈಪೋಲಾರ್ ಇರುವ ಕೆಲವರು ಆ ಕಡೆಯಿಂದ ಈ ಕಡೆಗೆ ತಿರುಗಿ ಉನ್ಮಾದಕ್ಕೆ ಹೋಗುವುದುಂಟು. ನಿಮ್ಮ ತಮ್ಮನಿಗೆ ಈಗ ನಿದ್ದೆ ಕಡಿಮೆಯಾಗಿರುವುದು ಅದರ ಆರಂಭವಾಗಿರಬಹುದು. ಮಾತ್ರೆಯನ್ನು ನೀವಾಗಿ ನಿಲ್ಲಿಸಲು ಹೋಗಬೇಡಿ. ಬರೆದುಕೊಟ್ಟ ವೈದ್ಯರಿಗೆ ಇವತ್ತೇ ಫೋನ್ ಮಾಡಿ ನಿದ್ದೆಯ ವಿಷಯವನ್ನೂ ಹಿಂದಿನ ಬೇಸಿಗೆಯ ವಿಷಯವನ್ನೂ ತಿಳಿಸಿ.

ಈ ಕಾಯಿಲೆಯನ್ನು ಖಚಿತಪಡಿಸುವ ರಕ್ತಪರೀಕ್ಷೆಯಿಲ್ಲ, ಸ್ಕ್ಯಾನಿಂಗ್ ಇಲ್ಲ. ಥೈರಾಯ್ಡ್, ಗಾಂಜಾ, ಮದ್ಯ, ಸ್ಟೀರಾಯ್ಡ್ ಮಾತ್ರೆಗಳಿಂದಲೂ ಇಂಥ ಲಕ್ಷಣಗಳು ಬರಬಹುದಾದ್ದರಿಂದ ಅವನ್ನು ತಳ್ಳಿಹಾಕಲು ಕೆಲವು ಪರೀಕ್ಷೆ ಮಾಡಿಸುತ್ತಾರೆ, ಅಷ್ಟೇ. ಉಳಿದಂತೆ ವೈದ್ಯರಿಗೆ ಸಿಗುವ ಸಾಕ್ಷ್ಯವೆಂದರೆ ಮನೆಯವರ ನೆನಪು. ಆದ್ದರಿಂದ ಹೋಗುವ ಮೊದಲು ಒಂದು ನೋಟ್ ಪುಸ್ತಕದಲ್ಲಿ ಎಲ್ಲವನ್ನೂ ಬರೆದುಕೊಳ್ಳಿ. ತಾರೀಖು ನೆನಪಿಲ್ಲದಿದ್ದರೆ ಕೊನೆಕೊಯ್ಲು, ಶಿರಸಿಯ ಜಾತ್ರೆ, ಯಾರದೋ ಮದುವೆ ಹೀಗೆ ಗುರುತು ಹಿಡಿದು, ಯಾವಾಗ ನಿದ್ದೆ ಕಡಿಮೆಯಾಯಿತು, ಎಷ್ಟು ದಿನ ಹಾಗಿತ್ತು, ಎಷ್ಟು ಹಣ ಹೋಯಿತು, ಯಾವಾಗ ಮಂಕಾದರು, ಯಾವ ಮಾತ್ರೆ ಶುರುವಾದ ಮೇಲೆ ಏನಾಯಿತು ಎಂಬುದನ್ನು ಕ್ರಮವಾಗಿ ನಮೂದಿಸಿ. ತಂದೆಯ ಕಡೆ ಅಥವಾ ತಾಯಿಯ ಕಡೆ ಯಾರಿಗಾದರೂ ಹೀಗಾಗಿತ್ತೇ, ಯಾರಾದರೂ ಆತ್ಮಹತ್ಯೆ ಮಾಡಿಕೊಂಡಿದ್ದರೇ ಎಂದು ಹಿರಿಯರನ್ನು ಕೇಳಿ ಅದನ್ನೂ ಬರೆಯಿರಿ. ಈ ಕಾಯಿಲೆಯಲ್ಲಿ ವಂಶವಾಹಿಯ ಪಾಲು ದೊಡ್ಡದು. ಹಾಗೆಂದು ಅಣ್ಣತಮ್ಮಂದಿರಿಗೆಲ್ಲ ಬಂದೇ ಬರುತ್ತದೆಂದಲ್ಲ, ಬಹುಪಾಲು ಮಂದಿಗೆ ಬರುವುದಿಲ್ಲ.

ಎಲ್ಲಿ ತೋರಿಸಬೇಕೆಂದು ಕೇಳಿದ್ದೀರಿ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಈಗ ರಾಜ್ಯದ ಎಲ್ಲ ಜಿಲ್ಲೆಗಳಲ್ಲಿದೆ. ಅದರ ಮಾದರಿ ರೂಪುಗೊಂಡದ್ದೇ 1980ರ ದಶಕದಲ್ಲಿ ನಮ್ಮ ಬಳ್ಳಾರಿಯಲ್ಲಿ, ನಿಮ್ಹಾನ್ಸ್‌ನವರ ಪ್ರಯತ್ನದಿಂದ. ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೆ ಬರುವ ದಿನ ಯಾವುದೆಂದು ಶಿರಸಿಯ ಸರ್ಕಾರಿ ಆಸ್ಪತ್ರೆಯಲ್ಲಿ ವಿಚಾರಿಸಿ. ಅಲ್ಲಿ ಔಷಧಿಯೂ ಉಚಿತ. ದಾಖಲು ಮಾಡಬೇಕಾಗಿ ಬಂದರೆ ಧಾರವಾಡದ ಸರ್ಕಾರಿ ಮಾನಸಿಕ ಆಸ್ಪತ್ರೆಯಾದ ಡಿಮ್ಹಾನ್ಸ್ ನಿಮಗೆ ಹತ್ತಿರ, ಬೆಂಗಳೂರಿನ ನಿಮ್ಹಾನ್ಸ್‌ಗೇ ಹೋಗಬೇಕೆಂಬ ಹಠ ಬೇಡ. ವರ್ಷಗಟ್ಟಲೆ ನಡೆಯುವ ಚಿಕಿತ್ಸೆಯಿದು, ಬೆಳಿಗ್ಗೆ ಹೋಗಿ ಸಂಜೆ ಮರಳುವಷ್ಟು ದೂರದ ವೈದ್ಯರೇ ಕೊನೆಗೆ ಕೈಹಿಡಿಯುವವರು. ಈ ನಡುವೆ ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿಯ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆಮಾಡಬಹುದು. ಕನ್ನಡದಲ್ಲಿಯೇ ಮಾತನಾಡುತ್ತಾರೆ, ಹಣವಿಲ್ಲ. ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಆರಂಭಿಸಿದ ಸೇವೆಯಿದು. 2015-16ರಲ್ಲಿ ನಿಮ್ಹಾನ್ಸ್ 12 ರಾಜ್ಯಗಳಲ್ಲಿ ನಡೆಸಿದ ಸಮೀಕ್ಷೆಯಂತೆ, ಬೈಪೋಲಾರ್ ಇರುವವರಲ್ಲಿ ನೂರಕ್ಕೆ ಸುಮಾರು ಎಪ್ಪತ್ತು ಮಂದಿಗೆ ಚಿಕಿತ್ಸೆಯೇ ದೊರೆತಿರಲಿಲ್ಲ. ನೀವು ಪತ್ರ ಬರೆಯುವಷ್ಟು ಮುಂದೆ ಬಂದಿದ್ದೀರಿ, ಅರ್ಧದಲ್ಲಿ ನಿಲ್ಲಬೇಡಿ.

ಚಿಕಿತ್ಸೆಯ ವಿಷಯದಲ್ಲಿ, ಮನಸ್ಸನ್ನು ಸಮಸ್ಥಿತಿಯಲ್ಲಿಡುವ ಲಿಥಿಯಂ ಎಂಬ ಔಷಧಿಯ ಬಗ್ಗೆ ತುಸು ವಿವರವಾಗಿ ಹೇಳುತ್ತೇನೆ, ಏಕೆಂದರೆ ನಮ್ಮ ಕಡೆಯ ರೂಢಿಗಳೊಂದಿಗೆ ಅದಕ್ಕೆ ಸ್ವಲ್ಪ ಜಗಳವಿದೆ. ಆಸ್ಟ್ರೇಲಿಯಾದ ಜಾನ್ ಕೇಡ್ ಎಂಬ ವೈದ್ಯರು 1949ರಲ್ಲಿ ಉನ್ಮಾದಕ್ಕೆ ಅದರ ಉಪಯೋಗವನ್ನು ಪ್ರಕಟಿಸಿದರು. ಇಂದಿಗೂ ಈ ಕಾಯಿಲೆ ಮರುಕಳಿಸದಂತೆ ತಡೆಯುವುದರಲ್ಲಿ ಅದಕ್ಕಿಂತ ಹೆಚ್ಚು ನೆಚ್ಚಬಹುದಾದ ಔಷಧಿಗಳು ಕಡಿಮೆ. ಆತ್ಮಹತ್ಯೆಯ ಅಪಾಯವನ್ನೂ ಅದು ತಗ್ಗಿಸುತ್ತದೆಂಬುದು ಬಹುಕಾಲದ ಅನುಭವ. ಬೆಲೆಯೂ ಅಗ್ಗ. ಆದರೆ ಪರಿಣಾಮ ಬೀರುವ ಪ್ರಮಾಣಕ್ಕೂ ವಿಷವಾಗುವ ಪ್ರಮಾಣಕ್ಕೂ ಅಂತರ ಬಹಳ ಚಿಕ್ಕದು. ರಕ್ತದಲ್ಲಿ ಅದರ ಮಟ್ಟ ಸಾಮಾನ್ಯವಾಗಿ ಲೀಟರಿಗೆ 0.6ರಿಂದ 1.0 ಮಿಲಿಮೋಲ್‌ನೊಳಗೆ ಇರುವಂತೆ ನೋಡಿಕೊಳ್ಳುತ್ತಾರೆ. ಹಿಂದಿನ ರಾತ್ರಿಯ ಮಾತ್ರೆಯಾಗಿ ಹನ್ನೆರಡು ತಾಸಿನ ಬಳಿಕ, ಬೆಳಗಿನ ಮಾತ್ರೆ ನುಂಗುವ ಮೊದಲು ರಕ್ತ ಕೊಡಬೇಕು. ಆರು ತಿಂಗಳಿಗೊಮ್ಮೆಯಾದರೂ ಥೈರಾಯ್ಡ್ ಮತ್ತು ಮೂತ್ರಪಿಂಡದ ಪರೀಕ್ಷೆಯೂ ಆಗಬೇಕು. ದೇಹದಲ್ಲಿ ನೀರು ಅಥವಾ ಉಪ್ಪು ಕಡಿಮೆಯಾದರೆ ರಕ್ತದಲ್ಲಿ ಲಿಥಿಯಂ ಏರುತ್ತದೆ. ನೀರನ್ನೂ ಕುಡಿಯದ ಏಕಾದಶಿ, ಉಪ್ಪು ಬಿಟ್ಟು ಮಾಡುವ ಪಥ್ಯ, ವಾಂತಿಭೇದಿಯಾದಾಗ ‘ಹೊಟ್ಟೆ ಖಾಲಿ ಇರಲಿ’ ಎಂಬ ಅಜ್ಜಿಮದ್ದು ಇವು ಲಿಥಿಯಂ ತೆಗೆದುಕೊಳ್ಳುವವರಿಗೆ ಆಗಿಬರುವುದಿಲ್ಲ. ತೋಟದ ಕೆಲಸದಿಂದ ಸೊಂಟ ಹಿಡಿದಾಗ ಮೆಡಿಕಲ್ ಶಾಪಿನಿಂದ ತರುವ ಐಬುಪ್ರೊಫೆನ್, ಡೈಕ್ಲೋಫೆನಾಕ್‌ನಂಥ ನೋವಿನ ಗುಳಿಗೆಗಳೂ ಹಾಗೆಯೇ. ಬಿಪಿಯ ಕೆಲವು ಮಾತ್ರೆಗಳೂ ಹೌದು. ಕೈ ಜೋರಾಗಿ ನಡುಗುವುದು, ನಡಿಗೆ ಓಲಾಡುವುದು, ಮಾತು ತೊದಲುವುದು, ವಾಂತಿ ಕಾಣಿಸಿದರೆ ಮುಂದಿನ ಮಾತ್ರೆ ಕೊಡದೆ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು.

ಲಿಥಿಯಂ ಹೊಂದದವರಿಗೆ ಬೇರೆ ಔಷಧಿಗಳಿವೆ. ವಾಲ್‌ಪ್ರೋಯೇಟ್, ಕ್ವಿಟಿಯಾಪಿನ್, ಓಲಾಂಜಪಿನ್, ಲ್ಯಾಮೋಟ್ರಿಜಿನ್ ಮುಂತಾದ ಹೆಸರುಗಳನ್ನು ನೀವು ಚೀಟಿಯಲ್ಲಿ ಕಾಣಬಹುದು; ಯಾವುದು ಯಾರಿಗೆ ಎಂಬುದನ್ನು ವೈದ್ಯರಿಗೇ ಬಿಡಿ. ಇತರ ಓದುಗರಿಗಾಗಿ ಒಂದು ಮಾತು: ಮಕ್ಕಳಾಗುವ ವಯಸ್ಸಿನ ಹೆಣ್ಣುಮಕ್ಕಳಿಗೆ ವಾಲ್‌ಪ್ರೋಯೇಟ್ ಬರೆದಿದ್ದರೆ, ಅದು ಗರ್ಭದ ಶಿಶುವಿಗೆ ಹಾನಿಕರವೆಂಬುದನ್ನು ವೈದ್ಯರ ಬಳಿ ಖಂಡಿತ ಚರ್ಚಿಸಬೇಕು. ಉನ್ಮಾದ ಕೆಲವು ವಾರಗಳಲ್ಲಿ ಇಳಿಯುತ್ತದೆ. ಆಮೇಲೆ ‘ಚೆನ್ನಾಗಿದ್ದಾನಲ್ಲ, ಇನ್ನೇಕೆ ಮಾತ್ರೆ’ ಎನ್ನುವ ನೆಂಟರೊಬ್ಬರು ಪ್ರತಿ ಮನೆಯಲ್ಲಿಯೂ ಇರುತ್ತಾರೆ. ಅವರ ಮಾತು ಕೇಳಿ ಥಟ್ಟನೆ ನಿಲ್ಲಿಸಿದರೆ ಕಾಯಿಲೆ ಮರುಕಳಿಸುವ ಸಂಭವ ಬಹಳ ಹೆಚ್ಚು.

ಹುಳಿಯಲ್ಲಿ ಬೆರೆಸುವ ವಿಷಯ. ನಿಮ್ಮ ತಾಯಿಯ ಸಂಕಟ ಅರ್ಥವಾಗುತ್ತದೆ, ಆದರೂ ಬೇಡವೆನ್ನುತ್ತೇನೆ. ಮೇಲೆ ಹೇಳಿದಂತೆ ಅಳೆದು ಕೊಡಬೇಕಾದ ಔಷಧಿಯನ್ನು ಅವರು ಎಷ್ಟು ಉಂಡರು, ಎಷ್ಟು ಬಿಟ್ಟರು ಎಂದು ತಿಳಿಯದೆ ಕೊಡುವುದು ಅಪಾಯ. ಒಮ್ಮೆ ಗೊತ್ತಾದರೆ ಮಾತ್ರೆಯನ್ನಷ್ಟೇ ಅಲ್ಲ, ನೀವು ಬಡಿಸಿದ ಅನ್ನವನ್ನೂ ನಂಬುವುದಿಲ್ಲ. ಅದರ ಬದಲು ‘ನಿನಗೆ ಹುಚ್ಚು’ ಎಂಬ ದಾರಿ ಬಿಟ್ಟು, ಅವರೇ ಒಪ್ಪುವ ತೊಂದರೆಯಿಂದ ಮಾತು ಶುರುಮಾಡಿ. ‘ನಿದ್ದೆ ಸರಿಯಿಲ್ಲ, ಅದನ್ನೊಂದು ತೋರಿಸಿಕೊಂಡು ಬರೋಣ’ ಎಂದರೆ ಎಷ್ಟೋ ಮಂದಿ ಬರುತ್ತಾರೆ. ಸುಳ್ಳೂ ಅಲ್ಲ. ಒಪ್ಪದೆ ಹೊಡೆದಾಟಕ್ಕೆ ಇಳಿದರೆ, ಸಾಯುವ ಮಾತಾಡಿದರೆ, ಅನ್ನ ನೀರು ಬಿಟ್ಟರೆ, ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017ರ 89ನೆಯ ಕಲಮಿನಡಿ ಮನೆಯವರ ಕೋರಿಕೆಯ ಮೇಲೆ, ತಜ್ಞರು ಪರೀಕ್ಷಿಸಿ ಅಗತ್ಯವೆಂದರೆ, ಮೂವತ್ತು ದಿನಗಳವರೆಗೆ ದಾಖಲಿಸಿಕೊಳ್ಳಲು ಅವಕಾಶವಿದೆ. ಕರೆಂಟ್ ಕೊಡುತ್ತಾರೆಂಬ ಹೆದರಿಕೆ ನಿಮ್ಮ ಮನೆಯಲ್ಲಿದ್ದರೆ ತಿಳಿಸಿ: ಆ ಚಿಕಿತ್ಸೆ ತೀವ್ರ ಸ್ಥಿತಿಯಲ್ಲಿ ಮಾತ್ರ, ಅದೂ ಅರಿವಳಿಕೆ ಕೊಟ್ಟೇ, ಅರಿವಳಿಕೆಯಿಲ್ಲದೆ ಕೊಡುವುದನ್ನು ಅದೇ ಕಾಯ್ದೆ ನಿಷೇಧಿಸಿದೆ. ಸಾಯುವ ಮಾತನ್ನು ಎಂದೂ ಹಗುರವಾಗಿ ತೆಗೆದುಕೊಳ್ಳಬೇಡಿ. ಈ ಕಾಯಿಲೆಯಲ್ಲಿ ಆತ್ಮಹತ್ಯೆಯ ಅಪಾಯ ನಿಜಕ್ಕೂ ದೊಡ್ಡದು. ತೋಟಕ್ಕೆ ತಂದ ಕೀಟನಾಶಕ, ಕಳೆನಾಶಕಗಳನ್ನು ಮನೆಯಿಂದ ಬೇರೆಡೆಗೆ ಸಾಗಿಸಿ ಬೀಗ ಹಾಕಿ. ಇದನ್ನು ಇವತ್ತೇ ಮಾಡಿ.

ಜೋಯಿಸರ ವಿಷಯಕ್ಕೆ ನನ್ನ ತಕರಾರಿಲ್ಲ. ಶಾಂತಿಯಿಂದ ತಾಯಿಗೆ ಸಮಾಧಾನ ಸಿಕ್ಕರೆ ಸಿಗಲಿ, ಆದರೆ ಅದು ಮುಗಿಯಲೆಂದು ಆಸ್ಪತ್ರೆಯನ್ನು ಮುಂದೂಡಬಾರದು. ಮದುವೆಯನ್ನು ಮಾತ್ರ ಖಂಡಿತವಾಗಿ ವಿರೋಧಿಸುತ್ತೇನೆ. ಮದುವೆ ಚಿಕಿತ್ಸೆಯಲ್ಲ, ಆ ಗದ್ದಲದಲ್ಲಿ ಕೆಡುವ ನಿದ್ದೆಯೇ ಇನ್ನೊಂದು ಉನ್ಮಾದಕ್ಕೆ ದಾರಿಯಾದೀತು. ಮುಚ್ಚಿಟ್ಟು ಒಬ್ಬ ಹುಡುಗಿಯನ್ನು ಮನೆಗೆ ತರುವುದು ಆಕೆಗೆ ಮಾಡುವ ಅನ್ಯಾಯ. ಬೈಪೋಲಾರ್ ಇರುವವರು ಮದುವೆಯಾಗಿ, ಉದ್ಯೋಗ ಮಾಡಿ ಚೆನ್ನಾಗಿ ಬಾಳುತ್ತಿದ್ದಾರೆ. ನಿಮ್ಮ ತಮ್ಮನೂ ಒಂದೆರಡು ವರ್ಷ ಸ್ಥಿರವಾಗಿ ಇದ್ದು, ಎಲ್ಲವನ್ನೂ ಹೇಳಿ, ಕೇಳಿದವರು ಒಪ್ಪಿದರೆ ಆಗಬಹುದು.

ಗುಣ ಕಂಡ ಮೇಲೆ ಮಾಡಬೇಕಾದ ಒಂದು ಕೆಲಸವನ್ನು ಈಗಲೇ ಹೇಳಿಟ್ಟಿರುತ್ತೇನೆ. ಮತ್ತೆ ನಿದ್ದೆ ಕಡಿಮೆಯಾದರೆ ಎಷ್ಟನೆಯ ದಿನ ವೈದ್ಯರಿಗೆ ಫೋನ್ ಮಾಡಬೇಕು, ಎಟಿಎಂ ಕಾರ್ಡ್ ಮತ್ತು ಬೈಕಿನ ಕೀಲಿ ಯಾರ ಕೈಯಲ್ಲಿರಬೇಕು, ಮನೆಯಲ್ಲಿ ಯಾರ ಮಾತಿಗೆ ಅವರು ಬೆಲೆ ಕೊಡುತ್ತಾರೆ ಎಂಬುದನ್ನು ತಮ್ಮನ ಜೊತೆ ಕುಳಿತು, ಅವರ ಕೈಯಲ್ಲಿಯೇ ಬರೆಸಿಕೊಳ್ಳಿ. ಮುಂದೆ ತನಗೆ ಎಂಥ ಚಿಕಿತ್ಸೆ ಬೇಕು, ಎಂಥದು ಬೇಡ, ತನ್ನ ಪರವಾಗಿ ಯಾರು ನಿರ್ಧರಿಸಬೇಕು ಎಂದು ಸ್ವಸ್ಥವಾಗಿರುವಾಗಲೇ ಬರೆದಿಡುವ ಹಕ್ಕನ್ನು 2017ರ ಕಾಯ್ದೆಯೂ ಕೊಟ್ಟಿದೆ. ಸೊಸೈಟಿಯ ಸಾಲದ ಬಗ್ಗೆ ವೈದ್ಯರ ಚೀಟಿ ಸಿಕ್ಕ ಮೇಲೆ ಕಾರ್ಯದರ್ಶಿಯವರೊಡನೆ ಮಾತನಾಡಿ, ಕಂತು ಮುಂದೂಡಲು ಕೇಳಬಹುದು. ಅದಕ್ಕೆ ಮೊದಲು ಆಸ್ಪತ್ರೆಯಾಗಲಿ: ನೋಟ್ ಪುಸ್ತಕ, ಈಗ ನುಂಗುತ್ತಿರುವ ಮಾತ್ರೆಗಳ ಪಟ್ಟಿ, ಹಳೆಯ ಚೀಟಿಗಳನ್ನು ತೆಗೆದುಕೊಂಡು ಹೋಗಿ, ಸಾಧ್ಯವಾದರೆ ತಂದೆಯವರನ್ನೂ ಕರೆದುಕೊಂಡು ಹೋಗಿ. ಆ ಬೇಸಿಗೆಯಲ್ಲಿ ನಡೆದದ್ದನ್ನು ನಿಮಗಿಂತ ಹತ್ತಿರದಿಂದ ಕಂಡವರು ಅವರು.

— ಸಂಪಾದಕ