ಓದಿದವರೂ ಕೇಳಿದ್ದನ್ನೆಲ್ಲ ಯಾಕೆ ನಂಬಿಬಿಡುತ್ತಾರೆ?

ಡಿಗ್ರಿ ಮಾಡಿದವರೂ ವಾಟ್ಸ್‌ಆ್ಯಪ್‌ನಲ್ಲಿ ಬಂದದ್ದನ್ನೆಲ್ಲ ಯಾಕೆ ನಂಬುತ್ತಾರೆ ಅಂತ ಕೇಳಿದ್ದೀರಿ. ನಾನು ಡಿಗ್ರಿ ಮಾಡಿದವನೇ, ನಂಬಿದವನೇ. ನನ್ನದೇ ಕಥೆ ಹೇಳ್ತೇನೆ.

2018ರ ಮಳೆಗಾಲ, ಬೀದರ್. ಮಕ್ಕಳ ಕಳ್ಳರು ಬಂದಿದ್ದಾರೆ ಅಂತ ಕಾಕಾ ಒಂದು ವಿಡಿಯೊ ಕಳಿಸಿದರು. ಕಾಕಾ ಸುಮ್‌ಸುಮ್ನೆ ಮಾತಾಡುವವರಲ್ಲ. ಲೆಕ್ಕದಲ್ಲಿ ಎರಡು ರೂಪಾಯಿ ತಪ್ಪಿದರೂ ರಾತ್ರಿ ಕೂತು ಹುಡುಕುವ ಮನುಷ್ಯ. ಹಾಗಾಗಿ ನಾನು ವಿಡಿಯೊ ಪೂರ್ತಿ ನೋಡಲೂ ಇಲ್ಲ, ಮನೆಯವರ ಗ್ರೂಪಿಗೆ ಹಾಕಿಬಿಟ್ಟೆ. ಸಂಜೆ ಅದೇ ವಿಡಿಯೊ ಮಾವನಿಂದ ಬಂತು. ರಾತ್ರಿ ಮಗಳ ಶಾಲೆಯ ಗ್ರೂಪಿನಲ್ಲೂ ಬಂತು. "ಮೂರ್ ಕಡಿಂದ ಬಂದದ ಅಂದ್ರ ಖರೇನೇ ಇರ್ಬೇಕು" ಅಂದೆ ಹೆಂಡತಿಗೆ. ಮಾವನೂ ಅದೇ ಮನೆಯವರ ಗ್ರೂಪಿನಲ್ಲಿದ್ದಾರೆ ಅನ್ನೋದು ಆಗ ಹೊಳೆಯಲೇ ಇಲ್ಲ. ನಾನು ಬಿಟ್ಟದ್ದೇ ತಿರುಗಿ ಬಂದು ನನಗೆ ಸಾಕ್ಷಿ ಹೇಳಿತ್ತು!

ಈ ಮರುಳನ್ನು ಅಮೆರಿಕದಲ್ಲಿ ಮನಶ್ಶಾಸ್ತ್ರಜ್ಞೆ ಹ್ಯಾಶರ್ ಮತ್ತು ಜೊತೆಗಾರರು 1977ರಲ್ಲೇ ತೋರಿಸಿದ್ದರು. ಕಾಲೇಜು ಹುಡುಗರಿಗೆ ಎರಡೆರಡು ವಾರ ಬಿಟ್ಟು ಮೂರು ಸಲ ಹಲವು ಹೇಳಿಕೆ ಕೊಟ್ಟರು. ಕೆಲವು ಪ್ರತಿ ಸಲವೂ ಬರುತ್ತಿದ್ದವು. ಹಾಗೆ ಮತ್ತೆ ಮತ್ತೆ ಬಂದವು, ಸುಳ್ಳಿದ್ದರೂ, ಹುಡುಗರಿಗೆ ಹೆಚ್ಚು ನಿಜ ಅನ್ನಿಸತೊಡಗಿದವು. ಕೇಳಿ ಪರಿಚಯವಾದ ಮಾತು ಮನಸ್ಸಿಗೆ ಸಲೀಸಾಗಿ ಇಳಿಯುತ್ತದೆ, ಆ ಸಲೀಸನ್ನೇ ನಾವು ಸತ್ಯ ಅಂದುಕೊಳ್ಳುತ್ತೇವೆ. ಸರಿಯುತ್ತರ ಮೊದಲೇ ಗೊತ್ತಿದ್ದವರೂ ಹೀಗೆ ಜಾರುತ್ತಾರೆ ಅಂತ ಮುಂದಿನ ಪ್ರಯೋಗಗಳಲ್ಲಿ ಕಂಡಿದೆ. ನಿಮ್ಮ ಡಿಗ್ರಿ ಪ್ರಶ್ನೆಗೆ ಉತ್ತರ ಅಲ್ಲೇ ಇದೆ ಅಲ್ವಾ?

ಇನ್ನೊಂದು, ಹೆದರಿಕೆ. ಸುದ್ದಿ ಸುಳ್ಳಾದರೆ ಮಗಳಿಗೆ ಒಂದು ಸಂಜೆಯ ಆಟ ಹೋಗುತ್ತೆ. ನಿಜವಾದರೆ? ಯಾವ ಅಪ್ಪನೂ ಇಲ್ಲಿ ಪುರಾವೆ ಕೇಳುತ್ತಾ ಕೂರೋದಿಲ್ಲ.

ಮನೆಯೊಳಗೆ ಈ ಲೆಕ್ಕ ಸರಿಯೇ. ಬೀದಿಗೆ ಬಂದಾಗ ಏನಾಯ್ತು ಗೊತ್ತಾ? ಆ ಜುಲೈನಲ್ಲಿ ನಮ್ಮ ಜಿಲ್ಲೆಯ ಮುರ್ಕಿ ಹತ್ತಿರ, ಮಕ್ಕಳಿಗೆ ಚಾಕ್ಲೇಟ್ ಕೊಟ್ಟಿದ್ದಕ್ಕೆ ಕೆಲವರನ್ನು ಕಳ್ಳರು ಅಂದುಕೊಂಡರು. ಅವರು ಕಾರು ಹತ್ತಿ ಓಡಿದರು. ಕಾರಿಗಿಂತ ಮೊದಲು ಮೆಸೇಜ್ ಮುರ್ಕಿ ಮುಟ್ಟಿತ್ತು. ಹೈದರಾಬಾದಿನ ಒಬ್ಬ ಸಾಫ್ಟ್‌ವೇರ್ ಎಂಜಿನಿಯರ್ ಅಲ್ಲೇ ಜನರ ಹೊಡೆತಕ್ಕೆ ಸತ್ತ. ಭಾರತದಲ್ಲಿ ಒಂದು ಸಲಕ್ಕೆ ಐದೇ ಕಡೆ ಫಾರ್ವರ್ಡ್ ಅಂತ ವಾಟ್ಸ್‌ಆ್ಯಪ್ ಹೇಳಿದ್ದು ಅದೇ ತಿಂಗಳು.

ಆಮೇಲೆ ಕಾಕಾನನ್ನು ಕೇಳಿದೆ, ಆ ವಿಡಿಯೊ ಎಲ್ಲಿಂದ ಬಂತು ಅಂತ. ಸ್ವಲ್ಪ ಹೊತ್ತು ಸುಮ್ಮನಿದ್ದರು. "ನಂಗೂ ಭರೋಸೆದ ಮಂದಿನೇ ಕಳ್ಸಿದ್ರಪ್ಪ" ಅಂದರು.