ಅಮ್ಮನಿಗೆ ಆದದ್ದನ್ನೆಲ್ಲ ಮರೆಸುವುದು ಹೇಗೆ?

ಅಣ್ಣನ ಮನೆಯಲ್ಲಿ ಬೈಗುಳ, ಹೊಡೆತ ತಿಂದು, ಪಿಂಚಣಿಯನ್ನೂ ಕಳೆದುಕೊಂಡ ಅಮ್ಮ ಈಗ ನಿಮ್ಮ ಜೊತೆಗಿದ್ದರೂ ಮಾತಿಲ್ಲ, ಅವನನ್ನೇ ನೆನೆದು ಅಳುತ್ತಾರೆ ಎಂದಿದ್ದೀರಿ. ಮರೆಸುವ ಯೋಚನೆ ಬಿಡಿ. ಮಗನ ಮೇಲಿನ ಮಮತೆಯೂ ಅವನ ಭಯವೂ ಒಟ್ಟಿಗೇ ಇರುತ್ತವೆ. ಅವರೆದುರು ಅವನನ್ನು ಬೈದರೆ ಅವರು ಅವನ ಪರ ನಿಲ್ಲುತ್ತಾರೆ, ಮುಂದೆ ನಿಮಗೆ ಏನನ್ನೂ ಹೇಳುವುದಿಲ್ಲ.

ನಾನು ಮತ್ತೆ ಮತ್ತೆ ಕಾಣುವ ದೊಡ್ಡ ತಪ್ಪು ಬೇರೆ: "ನೀನು ಸುಮ್ಮನೆ ಕೂತ್ಕೋಮ್ಮ, ಎಲ್ಲ ನಾವು ನೋಡ್ಕೋತೀವಿ." ಹಿಂಸೆ ಕೊಟ್ಟವನು ಕಸಿದುಕೊಂಡದ್ದೂ ಇದನ್ನೇ, ಅವರ ನಿರ್ಧಾರಗಳನ್ನು. ನೀವು ಪ್ರೀತಿಯಿಂದ ಕಸಿದುಕೊಂಡರೂ ಅವರ ಪಾಲಿಗೆ ಯಜಮಾನ ಬದಲಾದ, ಅಷ್ಟೇ. ಎಟಿಎಂ ಕಾರ್ಡು ಅವರ ಕೈಯಲ್ಲಿರಲಿ, ಪಿನ್ ಹೊಸದಿರಲಿ, ಖಾತೆಗೆ ಜೋಡಿಸಿದ ಮೊಬೈಲ್ ನಂಬರ್ ನಿಮ್ಮದಲ್ಲ, ಅವರದ್ದೇ ಆಗಿರಲಿ. ಕೋಣೆಗೆ ಬಾಗಿಲು ತಟ್ಟಿ ಹೋಗಿ. "ಏನು ಬೇಕು?" ಎಂದರೆ "ನಿಮ್ಮಿಷ್ಟ" ಎಂದೇ ಉತ್ತರ ಬರುತ್ತದೆ, ಏಕೆಂದರೆ ಬಾಯಿಬಿಟ್ಟು ಕೇಳಿದ್ದಕ್ಕೆ ಅಲ್ಲಿ ಏಟು ಬಿದ್ದಿದೆ. ಎರಡು ಆಯ್ಕೆ ಮುಂದಿಟ್ಟು ಕೇಳಿ, ಉತ್ತರ ಬರುವವರೆಗೆ ಕಾಯಿರಿ. ಈ ಕಾಯುವುದೇ ಕಷ್ಟ.

ನಡೆದದ್ದನ್ನು ಕೆದಕಬೇಡಿ. ದೂರು ಕೊಡಬೇಕೆಂದು ಅವರಿಗಿದ್ದರೆ ತಾರೀಖು ಸಮೇತ ಒಮ್ಮೆ ಬರೆದಿಡಿ, ಮನೆಗೆ ಬಂದವರಿಗೆಲ್ಲ ಕತೆ ಹೇಳಿಸಬೇಡಿ. ತಾವಾಗಿ ಶುರು ಮಾಡಿದರೆ ಟಿವಿ ಆರಿಸಿ, ಚೆನ್ನಾಗಿ ಕೇಳಿಸುವ ಕಿವಿಯ ಕಡೆ ಕೂತು ಕೇಳಿ. "ನಾನು ಸರಿಯಾಗಿ ಬೆಳೆಸಲಿಲ್ಲ" ಎಂದು ನಾಚಿಕೆಪಟ್ಟರೆ, ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 60 ದಾಟಿದ ಆರು ಜನರಲ್ಲಿ ಒಬ್ಬರು ಒಂದೇ ವರ್ಷದಲ್ಲಿ ಯಾವುದಾದರೊಂದು ಬಗೆಯ ಹಿಂಸೆ ಕಂಡಿರುತ್ತಾರೆ ಎಂದು ಹೇಳಿ. ತಮಗೊಬ್ಬರಿಗೇ ಹೀಗಾಯಿತು ಎಂಬ ಭಾವನೆ ಸ್ವಲ್ಪ ಸಡಿಲವಾಗುತ್ತದೆ. ರಾತ್ರಿ ಬೆಚ್ಚಿದರೆ ಥಟ್ಟನೆ ಮುಟ್ಟಬೇಡಿ, ಮೊದಲು ದೂರದಿಂದ ಕರೆದು ದೀಪ ಹಾಕಿ.

ವೈದ್ಯರ ಬಳಿಗೂ ಹೋಗಲೇಬೇಕು. ಇಳಿವಯಸ್ಸಿನ ಖಿನ್ನತೆ ಎಷ್ಟೋ ಸಲ ಅಳುವಾಗಿ ಕಾಣದೆ ಮೈಕೈ ನೋವು, ಹಸಿವಿಲ್ಲದಿರುವುದು, ನಸುಕಿಗೇ ಎಚ್ಚರವಾಗುವುದಾಗಿ ಕಾಣುತ್ತದೆ. ಇದಕ್ಕೆಂದೇ 15 ಪ್ರಶ್ನೆಗಳ ಅಳತೆಪಟ್ಟಿ ಇದೆ, ಮಾಡಿಸಿ. ಸ್ವಲ್ಪ ಹೊತ್ತು ನೀವು ಹೊರಗಿರಿ, ಅವರೊಬ್ಬರೇ ಮಾತಾಡಲಿ. ಖಿನ್ನತೆಯ ಮಾತ್ರೆ ಕೆಲಸ ಮಾಡಲು ಕೆಲವು ವಾರ ಬೇಕು, ಹತ್ತೇ ದಿನಕ್ಕೆ ನಿಲ್ಲಿಸಬೇಡಿ. ನಿದ್ರೆಮಾತ್ರೆಯನ್ನು ನೀವೇ ತಂದು ಕೊಡಬೇಡಿ: ಬೀಳುವುದು, ಗೊಂದಲ ಎರಡೂ ಹೆಚ್ಚುತ್ತವೆ. ಒಂದೆರಡು ದಿನದಲ್ಲೇ ಹಠಾತ್ತನೆ ಗೊಂದಲ ಶುರುವಾದರೆ ದುಃಖದಿಂದ ಎಂದುಕೊಳ್ಳದೆ ತಕ್ಷಣ ತೋರಿಸಿ. ಸೋಂಕೋ ಔಷಧದ ದೋಷವೋ ಇರಬಹುದು. "ಸಾಯಬೇಕು ಅನ್ನಿಸುತ್ತೆ" ಎಂದರೆ ನಿಜಕ್ಕೂ ಸಾಯುವ ಯೋಚನೆ ಇದೆಯೇ ಎಂದು ನೇರವಾಗಿ ಪ್ರಶ್ನಿಸಿ, ಮಾತ್ರೆಗಳನ್ನು ಕೈಗೆ ಸಿಗದಂತೆ ಎತ್ತಿಡಿ, ಅದೇ ದಿನ ಕರೆದೊಯ್ಯಿರಿ.

ಅಣ್ಣನನ್ನು ನೋಡಬೇಕೆಂದರೆ ತಡೆಯಬೇಡಿ. ದಿನ, ಹೊತ್ತು ಅಮ್ಮನೇ ಹೇಳಲಿ, ನಿಮ್ಮ ಮನೆಯಲ್ಲೇ ಭೇಟಿಯಾಗಲಿ, ನೀವು ಪಕ್ಕದ ಕೋಣೆಯಲ್ಲಿರಿ. ಆ ದಿನ ಅಮ್ಮನಿಂದ ಯಾವ ಕಾಗದಕ್ಕೂ ಸಹಿ ಹಾಕಿಸುವಂತಿಲ್ಲ ಎಂದು ಅವನಿಗೆ ಮೊದಲೇ ಹೇಳಿಬಿಡಿ.