ಐರಿಷ್ ಜಾನಪದಕ್ಕೆ ಒಂದು ಧಾಟಿ, ಒಂದು ದ್ವೀಪದಿಂದ ಹೊರಡಿ

ಐರ್ಲೆಂಡಿನ ಸಂಸ್ಕೃತಿ, ಜಾನಪದ ತಿಳಿಯಲು ಪುಸ್ತಕ ಹಿಡಿಯಬೇಕೇ, ಸಂಗೀತ ಕೇಳಬೇಕೇ ಎಂದು ಕೇಳಿದ್ದೀರಿ. ಸದ್ಯಕ್ಕೆ ನಿಮಗೆ ಗೊತ್ತಿರುವುದು ಅಲ್ಲಿಯ ಕಥೆಗಳ ಹಸಿರು ಟೋಪಿಯ ಕುಳ್ಳ ಲೆಪ್ರಕಾನ್ ಒಬ್ಬನೇ ಎಂದೂ ಬರೆದಿದ್ದೀರಿ. ಎರಡನ್ನೂ ಒಟ್ಟಿಗೇ ಹಿಡಿಯಿರಿ. ಅಲ್ಲಿ ಒಂದು ಧಾಟಿ ನುಡಿಸುವ ಮೊದಲು ಅದು ಯಾರಿಂದ ಬಂತು, ಹೇಗೆ ಬಂತು ಎಂದು ಹೇಳುವ ರೂಢಿ ಇದೆ. ಆ ಮಾತೇ ಅರ್ಧ ಜಾನಪದ.

ನನಗೆ ಬಾಗಿಲು ತೆರೆದದ್ದು ‘ಪೋರ್ಟ್ ನ ಬೂಕಿ’ ಎಂಬ ಧಾಟಿ. ‘ಪೂಕಾ’ ಎಂದರೆ ಕಾಣದ ಲೋಕದವರು. ಇದು ಅವರ ಹಾಡು. ಕೆರಿ ಜಿಲ್ಲೆಯ ಪಶ್ಚಿಮ ತುದಿಯಲ್ಲಿ, ಅಟ್ಲಾಂಟಿಕ್ ಸಾಗರದಲ್ಲಿರುವ ಬ್ಲಾಸ್ಕೆಟ್ ದ್ವೀಪಗಳಿಂದ ಬಂದದ್ದು. ಒಂದು ರಾತ್ರಿ ಸಮುದ್ರದ ಕಡೆಯಿಂದ ತೇಲಿಬಂದ ದನಿಯನ್ನು ಕೇಳಿದ ದ್ವೀಪದವರು ಅದನ್ನು ಪಿಟೀಲಿನಲ್ಲಿ ಹಿಡಿದಿಟ್ಟರು ಎಂಬುದು ಕಥೆ. ತಿಮಿಂಗಿಲಗಳ ಹಾಡು ದೋಣಿಯ ತೆಳುವಾದ ಕ್ಯಾನ್ವಾಸ್ ಮೈಯ ಮೂಲಕ ಕೇಳಿಸಿರಬಹುದು ಎಂದು ಈಗ ಕೆಲವರು ಊಹಿಸುತ್ತಾರೆ. ನನಗೆ ಎರಡೂ ವಿವರಣೆಗಳು ಬೇಕು. ಒಂದನ್ನು ಕೈಬಿಟ್ಟರೆ ಧಾಟಿ ಬಡವಾಗುತ್ತದೆ. ಇದಕ್ಕೆ ತಾಳದ ಕಟ್ಟಿಲ್ಲ, ನಮ್ಮ ಆಲಾಪದಂತೆ ಉಸಿರಿನ ಅಳತೆಯಲ್ಲಿ ಸಾಗುತ್ತದೆ. ಇಲಿನ್ ಪೈಪ್ಸ್‌ನಲ್ಲಿ ನುಡಿಸಿದ್ದನ್ನು ಹುಡುಕಿ ಕೇಳಿ. ಮೊಣಕೈಯಿಂದ ತಿದಿ ಒತ್ತಿ ಗಾಳಿ ತುಂಬುವ ವಾದ್ಯ ಅದು. ‘ಇಲಿನ್’ ಎಂದರೆ ಐರಿಷ್ ಭಾಷೆಯಲ್ಲಿ ಮೊಣಕೈ.

ನಾನು ಕೊಳಲು ನುಡಿಸುವವನು. ಆರಂಭದಲ್ಲಿ ಐರಿಷ್ ಕುಣಿತದ ಧಾಟಿಗಳಾದ ರೀಲ್, ಜಿಗ್‌ಗಳನ್ನು ಸ್ವರಲಿಪಿ ನೋಡಿ ಕಲಿಯಲು ಹೋದೆ. ಸ್ವರ ಒಂದೂ ತಪ್ಪಲಿಲ್ಲ, ಆದರೆ ಜೀವ ಇರಲಿಲ್ಲ. ಗಮಕವಿಲ್ಲದೆ ತೋಡಿ ರಾಗ ಹಾಡಿದ ಹಾಗಿತ್ತು. ಸ್ವರಗಳ ನಡುವೆ ಬೆರಳು ತಟ್ಟಿ ಹುಟ್ಟಿಸುವ ಸಣ್ಣ ಅಲಂಕಾರಗಳು ಕಾಗದಕ್ಕೆ ಇಳಿಯುವುದೇ ಇಲ್ಲ, ಕೇಳಿಯೇ ಕಲಿಯಬೇಕು. ಹಾಗೆಂದು ಬರೆದಿಟ್ಟವರ ಋಣ ಸಣ್ಣದಲ್ಲ. ಕಾರ್ಕ್ ಜಿಲ್ಲೆಯಿಂದ ವಲಸೆ ಹೋಗಿ ಶಿಕಾಗೋದ ಪೊಲೀಸ್ ಮುಖ್ಯಸ್ಥನಾದ ಫ್ರಾನ್ಸಿಸ್ ಓನೀಲ್ 1903ರಲ್ಲಿ 1,850 ಧಾಟಿಗಳನ್ನು ಅಚ್ಚು ಹಾಕಿಸಿದರು. ಅವುಗಳಲ್ಲಿ ಬಹಳಷ್ಟನ್ನು ಅವರು ಸಂಗ್ರಹಿಸಿದ್ದು ಅಮೆರಿಕಕ್ಕೆ ಬಂದ ವಲಸಿಗರಿಂದಲೇ.

ಇನ್ನು ಓದು. ಅದೇ ಬ್ಲಾಸ್ಕೆಟ್ ದ್ವೀಪಗಳಿಗೆ ಹೋಗಿ. ಅವುಗಳಲ್ಲಿ ದೊಡ್ಡದಾದ ಗ್ರೇಟ್ ಬ್ಲಾಸ್ಕೆಟ್‌ನ ಮೀನುಗಾರ ತೊಮಾಸ್ ಓಕ್ರೊಹಾನ್ ತನ್ನ ಬದುಕನ್ನು ಐರಿಷ್ ಭಾಷೆಯಲ್ಲಿ ಬರೆದ ಪುಸ್ತಕ 1929ರಲ್ಲಿ ಬಂತು. ಇಂಗ್ಲಿಷಿನಲ್ಲಿ ‘ದಿ ಐಲೆಂಡ್‌ಮನ್’ ಎಂದು ಸಿಗುತ್ತದೆ. ಸೀಲ್ ಬೇಟೆ, ಹಡಗೊಡೆತ, ಮಕ್ಕಳ ಸಾವು, ಮದುವೆಯ ಕುಣಿತ, ಎಲ್ಲವನ್ನೂ ಒಂದೇ ಶಾಂತ ದನಿಯಲ್ಲಿ ಹೇಳುತ್ತಾನೆ. ಅಲ್ಲಿಯ ಮಹಾ ಕಥೆಗಾರ್ತಿ ಪೆಗ್ ಸೇಯರ್ಸ್ ತನ್ನ ಕಥೆಯನ್ನು ಮಗನಿಗೆ ಹೇಳಿ ಬರೆಸಿದಳು. 1953ರಲ್ಲಿ ಕೊನೆಯ ಕುಟುಂಬಗಳನ್ನೂ ಸರಕಾರ ಮುಖ್ಯಭೂಮಿಗೆ ಸಾಗಿಸಿತು. ಇಂದು ಉಳಿದಿರುವುದು ಹೆಚ್ಚಾಗಿ ಮನೆಗಳ ಗೋಡೆಗಳು.

ಈ ಪುಸ್ತಕಗಳ ಬೆಲೆ ತಿಳಿಯಲು ಭಾಷೆಯ ನೋವನ್ನೂ ತಿಳಿಯಬೇಕು. 1845ರಿಂದ ಬಂದ ಕ್ಷಾಮ ಮತ್ತು ವಲಸೆ ಐರಿಷ್ ಮಾತನಾಡುತ್ತಿದ್ದ ಪಶ್ಚಿಮವನ್ನೇ ಹೆಚ್ಚು ಬರಿದು ಮಾಡಿತು. ನಮಗೂ ಇಲ್ಲಿ ಒಂದು ಎಳೆ ಇದೆ. ಇಂಗ್ಲಿಷಿನಲ್ಲಿ ಕವಿತೆ ಬರೆಯುತ್ತಿದ್ದ ತರುಣ ಕುವೆಂಪು ಅವರನ್ನು 1924ರಲ್ಲಿ ಮೈಸೂರಿನಲ್ಲಿ ತಾಯ್ನುಡಿಯ ಕಡೆಗೆ ತಿರುಗಿಸಿದ ಜೇಮ್ಸ್ ಕಸಿನ್ಸ್ ಬೆಲ್‌ಫಾಸ್ಟ್‌ನಲ್ಲಿ ಹುಟ್ಟಿದವರು, ಡಬ್ಲಿನ್ನಿನ ಸಾಹಿತ್ಯ ಪುನರುಜ್ಜೀವನದಲ್ಲಿ ಪಾಲ್ಗೊಂಡವರು. ಅವರ ಸಲಹೆಯ ಹಿಂದೆ ಒಂದು ದೇಶದ ಅನುಭವವೇ ಇತ್ತು ಎಂದು ನಾನು ನಂಬುತ್ತೇನೆ.

ಅದೇ ಪುನರುಜ್ಜೀವನದ ಕವಿ ಯೇಟ್ಸ್, ಲೇಖಕಿ ಲೇಡಿ ಗ್ರೆಗರಿ ಇವರ ಜಾನಪದ ಸಂಗ್ರಹಗಳನ್ನು ಆಮೇಲೆ ಓದಿ. ಕುಹುಲಿನ್, ಫಿನ್ ಮೊದಲಾದ ವೀರರ ಕಥೆಗೆ ಗ್ರೆಗರಿ ಒಳ್ಳೆಯ ದಾರಿ. ಯೇಟ್ಸ್ ಸುಂದರವಾಗಿ ಬರೆಯುತ್ತಾರೆ, ಆದರೆ ಹಳ್ಳಿಯವರ ದನಿಗಿಂತ ಅವರ ದನಿಯೇ ಮುಂದೆ ಕೇಳಿಸುತ್ತದೆ.

ಹಳ್ಳಿಯ ದನಿಯೇ ಬೇಕೆಂದರೆ ‘ದೂಕಸ್’ ಜಾಲತಾಣ ತೆರೆಯಿರಿ, ಉಚಿತ. 1937ರಿಂದ 1939ರವರೆಗೆ ಸುಮಾರು 5,000 ಪ್ರಾಥಮಿಕ ಶಾಲೆಗಳ ಮಕ್ಕಳು ಮನೆಯ, ನೆರೆಯ ಹಿರಿಯರನ್ನು ಕೇಳಿ ಬರೆದ ಪುಟಗಳು ಅಲ್ಲಿವೆ, ಕೈಬರಹದಲ್ಲೇ. ಮನೆಮದ್ದು, ಒಗಟು, ಕಡಿಯಬಾರದ ಒಂಟಿ ಹಾಥಾರ್ನ್ ಎಂಬ ಮುಳ್ಳುಮರ, ಹೂತಿಟ್ಟ ಚಿನ್ನ. ಕಾಣದವರನ್ನು ಅಲ್ಲಿಯ ಜನ ‘ಒಳ್ಳೆಯವರು’ ಎಂದು ಕರೆಯುತ್ತಿದ್ದರು, ಹೆಸರು ಹಿಡಿದರೆ ಕೋಪ ಬಂದೀತೆಂದು. ರಾತ್ರಿ ಹೊತ್ತು ಹಾವನ್ನು ‘ಹುಳ’ ಎನ್ನುತ್ತಿದ್ದ ನನ್ನ ಅಜ್ಜಿಗೆ ಇದನ್ನು ಬಿಡಿಸಿ ಹೇಳುವ ಅಗತ್ಯವೇ ಇರುತ್ತಿರಲಿಲ್ಲ.

ನಿಮ್ಮ ಲೆಪ್ರಕಾನ್‌ನನ್ನೂ ಅಲ್ಲೇ ಹುಡುಕಿ. ಅವನು ಅಲ್ಲಿ ಬೇಲಿಯ ಮರೆಯಲ್ಲಿ ಕುಳಿತು ಬೂಟು ಹೊಲಿಯುವ ಚಮ್ಮಾರ. ಸುತ್ತಿಗೆಯ ಸದ್ದು ಕೇಳಿ ಹೋಗಿ ಹಿಡಿದವನು ಕಣ್ಣು ಕದಲಿಸಬಾರದು. ಆ ಕುಳ್ಳ ಏನೋ ಹೇಳಿ ಹಿಡಿದವನು ಹಿಂದೆ ತಿರುಗುವಂತೆ ಮಾಡುತ್ತಾನೆ, ಮರುಕ್ಷಣ ಬೇಲಿಯ ಬುಡ ಖಾಲಿ.